ಬಿಸ್ಕತ್ತಿನಷ್ಟು ಕಾರ್ಡು

ನನ್ನ ಕೆಲಸವೇ ಅಂಥದ್ದು. ಬೆಳಿಗ್ಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಟವನು ಸಾಯಂಕಾಲದೊಳಗೆ ಯಾರದಾದರೂ ಕೈಲಿ ಉಗಿಸಿಕೊಳ್ಳದೆ ಮನೆ ಸೇರಿದ್ದು ಅಪರೂಪ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಕಂಪನಿ ನಮ್ಮದು. ಹಾಲಿನ ಡೇರಿ, ಅಕ್ಕಿ ಗಿರಣಿಗಳ ಮಿಷನ್ನಿನ ಒಳಗೆ ಕೂರೋ ಪುಟ್ಟ ಕಂಪ್ಯೂಟರ್ ಮಾಡ್ತೀವಿ. ಕೆಳಗೊಂದು ದೊಡ್ಡ ಬೋರ್ಡು, ಅದರ ಮೇಲೆ ಬಿಸ್ಕತ್ತಿನಷ್ಟು ಅಗಲದ ಒಂದು ಕಾರ್ಡು. ಬುದ್ಧಿಯೆಲ್ಲ ಇರೋದು ಆ ಬಿಸ್ಕತ್ತಲ್ಲೇ. ಹಳೇ ಕಾರ್ಡು ತೆಗೆದು ಹೊಸದು ಕೂರಿಸಿ, ಸಾಫ್ಟ್‌ವೇರ್ ತುಂಬಿಸಿ, ಮಿಷನ್ ಎಬ್ಬಿಸಿ ಬರೋದು ನನ್ನ ಪಾಲಿನ ಕೆಲಸ.

ಆಗಿನ್ನೂ ನನ್ನ ನೌಕರಿ ಕಾಯಂ ಆಗಿರಲಿಲ್ಲ. ಇಟ್ಟುಕೊಳ್ಳೋದೋ ಮನೆಗೆ ಕಳಿಸೋದೋ ಎಲ್ಲ ನಮ್ಮ ಮ್ಯಾನೇಜರ್ ಕೈಲಿತ್ತು. ಆ ಮಹಾರಾಯರಿಗೆ ನನ್ನ ಮುಖ ಕಂಡರೇ ಆಗ್ತಿರಲಿಲ್ಲ.

ಟಕ್

ತಗಡೂರು ಕಡೆಯ ಒಂದು ಡೇರಿಯಲ್ಲಿ ಹಾಲು ಅಳೆಯೋ ಮಿಷನ್ ನಿಂತುಹೋಗಿತ್ತು. ನಾನು ಹೋಗೋ ಹೊತ್ತಿಗೆ ಸಾಯಂಕಾಲದ ಹಾಲು ಹಿಡ್ಕೊಂಡು ಹೆಂಗಸರು ರಸ್ತೆವರೆಗೂ ಸಾಲು ನಿಂತಿದ್ದರು. ಹಾಲು ಕೆಟ್ಟರೆ ನಿನ್ನನ್ನ ಸುಮ್ಮನೆ ಬಿಡಲ್ಲ ಅನ್ನೋ ಹಾಗೆ ನನ್ನನ್ನೇ ನೋಡ್ತಿದ್ದರು.

ಈ ಕಾರ್ಡು ಮೆತ್ತಗೆ ಕೂರೋ ಜಾತಿಯದಲ್ಲ. ಎರಡೂ ಹೆಬ್ಬೆರಳಲ್ಲಿ ಒತ್ತಿ, ಟಕ್ ಅನ್ನೋವರೆಗೂ ಬಿಡಬಾರದು. ಉಸಿರು ಬಿಗಿಹಿಡಿದು ಒತ್ತಿದೆ. ಟಕ್!

“ಅಯ್ಯಯ್ಯಪ್ಪಾ, ಮುರ್ದಾಕ್ಬುಟ್ಟ ಕಣ್ರವ್ವಾ!” ಅಂತ ಮುಂದೆ ನಿಂತಿದ್ದ ಅಜ್ಜಿ ಕೂಗಿದ್ದೇ ತಡ, ಸಾಲಿಗೆ ಸಾಲೇ ಒಳಗೆ ನುಗ್ಗಿತು. ಡೇರಿ ಸೆಕ್ರೆಟರಿ ನನ್ನ ಕಾಲರಿಗೇ ಕೈಹಾಕಿದ.

“ಮುರಿದಿಲ್ಲ ಸಾರ್, ಅದು ಹಂಗೇ ಟಕ್ ಅನ್ಬೇಕು” ಅಂದೆ. ಯಾರು ನಂಬ್ತಾರೆ? ಹಾಗೇ ಕೈಚಾಚಿ ಸ್ವಿಚ್ ಹಾಕಿದೆ. ದೇವರು ದೊಡ್ಡವನು, ಪರದೆ ಬೆಳಗಿತು. ಸೆಕ್ರೆಟರಿ ಕಾಲರ್ ಬಿಟ್ಟ.

ಅಜ್ಜಿ ಮಾತ್ರ ಸೋಲಲಿಲ್ಲ. “ಮುರುದ್ಮೇಲೆ ತಾನೇ ಎದ್ದಿದ್ದು? ಬಂದೇಟ್ಗೇ ಮುರ್ದಿದ್ರೆ ನಾನು ಇಷ್ಟೊತ್ಗೆ ಮನೇಗೋಗಿ ಮುದ್ದೆ ತಿರುವ್ತಿದ್ದೆ” ಅಂದಳು.

ಒಳ್ಳೇದೆಲ್ಲ ಆಚೆಗೆ

ಅಕ್ಕಿ ಗಿರಣಿಗಳಲ್ಲಿ ಬಣ್ಣ ನೋಡಿ ಅಕ್ಕಿ ಆರಿಸೋ ಮಿಷನ್ ಇರ್ತದೆ. ಮೇಲಿಂದ ಅಕ್ಕಿ ಸುರಿಯುವಾಗ ಒಳಗಿನ ಕ್ಯಾಮೆರಾ ನೋಡ್ತಾ ಇರ್ತದೆ. ಕಪ್ಪು ಕಾಳು ಕಂಡರೆ ಫುಸ್ ಅಂತ ಗಾಳಿ ಊದಿ ಆಚೆ ತಳ್ತದೆ. ನಂಜನಗೂಡಿನ ಹತ್ತಿರದ ಗಿರಣಿಯೊಂದಕ್ಕೆ ಹೊಸ ಕಾರ್ಡು ಹಾಕಿ, ಆಫೀಸಿಂದ ಕಳಿಸಿದ ಸಾಫ್ಟ್‌ವೇರ್ ತುಂಬಿಸಿದೆ.

ಮಿಷನ್ ಶುರುವಾಯ್ತು. ಮಲ್ಲಿಗೆಯಂಥ ಅಕ್ಕಿಯನ್ನೆಲ್ಲ ಕಸದ ಕಡೆ ಊದಿತು. ಹಳದಿಗಟ್ಟಿದ ಕಾಳನ್ನು ಮಾತ್ರ ಜೋಪಾನವಾಗಿ ಚೀಲಕ್ಕೆ ಬಿಟ್ಟಿತು. ತೊಗರಿಬೇಳೆ ಗಿರಣಿಗೆ ಹೋಗಬೇಕಾದ ಫೈಲನ್ನು ಮ್ಯಾನೇಜರ್ ನನಗೆ ಕಳಿಸಿದ್ದರು. ಫೋನ್ ಮಾಡಿ ಹೇಳಿದರೆ, “ನೋಡಿ ತುಂಬಿಸೋಕೆ ನಿಂಗೇನು ಕಣ್ಣಿರಲಿಲ್ವಾ?” ಅಂತ ನನ್ನ ಮೇಲೇ ಹಾರಾಡಿದರು. ಮೈಯೆಲ್ಲ ಉರಿದುಹೋಯ್ತು. ನೌಕರಿಯ ಆಸೆ, “ಸರಿ ಸಾರ್” ಅಂತ ಫೋನ್ ಇಟ್ಟೆ.

ಗಿರಣಿಯವರು ಎಲ್ಲ ಕೇಳಿಸ್ಕೊಂಡು ನನ್ನ ಬೆನ್ನು ತಟ್ಟಿದರು. “ಬೇಜಾರ್ ಮಾಡ್ಕೋಬೇಡಪ್ಪ. ಒಳ್ಳೇದನ್ನೆಲ್ಲ ಆಚೆಗ್ ತಳ್ಳಿ ಜಳ್ಳು ಇಟ್ಕೊಳೋ ಬುದ್ಧಿ ಈ ಮಿಷನ್ಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು.”

ಮಡಿಯಲ್ಲಿಟ್ಟ ಕಾರ್ಡು

ಟಿ. ನರಸೀಪುರದ ಗಿರಣಿ ಯಜಮಾನರು ಬಹಳ ನೇಮದವರು. ಅವರ ಮಿಷನ್ನಿಗೆ ಹೊಸ ಕಾರ್ಡು ಕೊರಿಯರಲ್ಲಿ ಮೊದಲೇ ಹೋಗಿತ್ತು. ನಾನು ಹೋಗಿ ಕೇಳಿದೆ. ಅವರು ಚಪ್ಪಲಿ ಬಿಟ್ಟು ದೇವರ ಮನೆಗೆ ಹೋಗಿ, ಒಂದು ತಟ್ಟೆ ತಂದರು. ತಟ್ಟೆಯಲ್ಲಿ ರೇಷ್ಮೆ ವಸ್ತ್ರ, ವಸ್ತ್ರದೊಳಗೆ ಕಾರ್ಡು!

“ಯಜಮಾನ್ರೇ, ಇದರ ಬೆಳ್ಳಿ ಬಣ್ಣದ ಕವರ್ ಎಲ್ಲಿ?”

“ಆ ಪ್ಲಾಸ್ಟಿಕ್ಕಾ? ಬಿಸಾಕ್ದೆ. ಇಂಥ ಪದಾರ್ಥನ ಅದ್ರಲ್ಲಾ ಇಡೋದು? ಧೂಳು ಕೂರಬಾರದು ಅಂತ ದಿನಾ ಪೂಜೆ ಆದ್ಮೇಲೆ ರೇಷ್ಮೇಲಿ ಚೆನ್ನಾಗಿ ಉಜ್ಜಿ ಇಟ್ಟಿದ್ದೀನಿ.”

ರೇಷ್ಮೆ ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮಿಂಚು ಹುಟ್ತದೆ. ನಮಗೆ ಬಹಳ ಅಂದ್ರೆ ಚುರ್ ಅನ್ನಬಹುದು, ಕಾರ್ಡಿನ ಕಥೆ ಮುಗಿದ ಹಾಗೇ. ಆ ಕವರ್ ಇರೋದೇ ಅದನ್ನ ತಡೆಯೋಕೆ. ಕೂರಿಸಿ ನೋಡಿದೆ. ಉಸಿರೇ ಇಲ್ಲ.

ಮ್ಯಾನೇಜರಿಗೆ ಹೇಳಿದೆ. “ಆ ಥರದ್ದು ಇನ್ನೊಂದೇ ಇರೋದು. ಕೈಗೆ ಪಟ್ಟಿ ಹಾಕ್ಕೊಂಡು ಮಾಡು, ಮುಗಿಯೋವರೆಗೂ ಬಿಚ್ಚಬೇಡ. ಅದೂ ಸತ್ತರೆ ನೀನು ಅಲ್ಲಿಂದಲೇ ಮನೆಗೆ ಹೋಗು, ಆಫೀಸಿನ ಕಡೆ ತಲೆ ಹಾಕಬೇಡ” ಅಂದರು.

ಯಜಮಾನರ ಮುಖ ಸಣ್ಣದಾಯ್ತು. “ತಪ್ಪು ನಂದೇ ಕಣಪ್ಪ. ಇನ್ನು ರೇಷ್ಮೆ ಸೋಕಿಸಲ್ಲ” ಅಂದವರು, ತಟ್ಟೆಯನ್ನ ಒಳಗಿಟ್ಟು ಬಂದು ಮೆಲ್ಲಗೆ ಕೇಳಿದರು: “ಉಣ್ಣೆ ಶಾಲು ಆದೀತಾ?”

ಕೈಗೆ ಪಟ್ಟಿ

ಕೊನೇ ಕಾರ್ಡು ತಗೊಂಡು ನರಸೀಪುರಕ್ಕೆ ಹೋದ ದಿನ ನನಗೆ ತಿಂಡಿಯೂ ಸೇರಿರಲಿಲ್ಲ. ಪಟ್ಟಿ ಅಂದರೆ ಮಣಿಕಟ್ಟಿಗೆ ಹಾಕೋ ಬೆಲ್ಟು. ಅದರ ವೈರು ಮಿಷನ್ನಿನ ಕಬ್ಬಿಣಕ್ಕೆ ಕ್ಲಿಪ್ಪಲ್ಲಿ ಕಚ್ಚಿಕೊಳ್ತದೆ. ನಮ್ಮ ಮೈಯಲ್ಲಿರೋ ಮಿಂಚು ಕಾರ್ಡಿಗೆ ಹಾರದೆ ಭೂಮಿಗೆ ಇಳಿದುಹೋಗಲಿ ಅಂತ. ಹಾಕ್ಕೊಂಡು, ಫೋನನ್ನು ಸೈಲೆಂಟ್ ಮಾಡಿ ಬ್ಯಾಗಿಗೆ ತುರುಕಿ, ಕುಕ್ಕರುಗಾಲಲ್ಲಿ ಕೂತೆ. ಪಕ್ಕದಲ್ಲೇ ಯಜಮಾನರು ನಿಂತರು. ಅವರ ಕೈಯಲ್ಲಿ, ಮಿಷನ್ನಿನ ಬಾಯಲ್ಲಿ ಅಕ್ಕಿ ಕಟ್ಟಿಕೊಂಡಾಗ ತಿವಿಯೋ ಬಿದಿರುಕೋಲು.

ಆ ಗಿರಣಿಯ ಹಮಾಲಿಯೊಬ್ಬ ನಮ್ಮೂರಾದ ಹದಿನಾರಿನವನೇ. ಮೊದಲ ಕಾರ್ಡು ಸತ್ತದ್ದು ಅವನಿಗೂ ಗೊತ್ತಿತ್ತು. ಬಾಗಿಲಲ್ಲಿ ಇಣುಕಿದ್ದಾನೆ. ಮಿಷನ್ನಿಗೆ ಕಟ್ಟಿಸಿಕೊಂಡ ನಾನು, ಕೋಲು ಹಿಡಿದ ಯಜಮಾನರು! ಫೋಟೋ ಹೊಡೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ಜೊತೆಗೆ ಮಾತನ್ನೂ ರೆಕಾರ್ಡ್ ಮಾಡಿ ಕಳಿಸಿದ್ದಾನೆ: “ನಮ್ಮೂರ್ ಹೈದನ್ನ ಮಿಲ್ನೋರು ಕಟ್ಟಾಕವ್ರೆ ಕಣ್ರಪ್ಪೋ! ಕಾರ್ಡ್ ಸುಟ್ಟಾಕ್ದ ಅಂತ. ಬಿರ್ನೆ ಬನ್ನಿ!” ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಬೋರ್ಡು ಒರೆಸಿ, ಕೇಬಲ್ಲುಗಳನ್ನು ಬಿಡಿಸಿ, ಕಾರ್ಡು ಕೂರಿಸೋಕೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಸಾಫ್ಟ್‌ವೇರ್ ತುಂಬೋಕೆ ಶುರುವಾಯ್ತು. ಇನ್ನು ಅದು ಮುಗಿಯೋವರೆಗೆ ಕರೆಂಟ್ ಹೋಗಬಾರದು. ಹೋದರೆ ಕಾರ್ಡೂ ಹೋಯ್ತು, ನೌಕರಿಯೂ ಹೋಯ್ತು. ಗಿರಣಿಯ ಯುಪಿಎಸ್ ಬೇರೆ ಕೆಟ್ಟು ಕೂತಿತ್ತು.

ಆಗ ಹೊರಗೆ ಗೂಡ್ಸ್ ಆಟೋ ನಿಂತಿತು. ಮುಂದೆ ನಮ್ಮವ್ವ, ಹಿಂದೆ ಸೋದರಮಾವ, ಅವರ ಹಿಂದೆ ನಮ್ಮ ಬೀದಿಯ ಅರ್ಧ ಜನ.

“ಅಯ್ಯೋ ನನ್ ಕಂದಾ, ದನ ಕಟ್ದಂಗ್ ಕಟ್ಟವ್ರಲ್ಲೋ!” ಅಂತ ಅವ್ವ ಬಂದು ನನ್ನನ್ನ ತಬ್ಬಿಕೊಂಡಳು.

ಮಾವ ಪಂಪ್‌ಸೆಟ್ ರಿಪೇರಿ ಮಾಡೋರು. ಅವರ ಕಣ್ಣು ವೈರಿನ ಮೇಲೆ ಬಿತ್ತು. “ಕೈಗೆ ಕರೆಂಟ್ ಕೊಟ್ಟವ್ರೆ ಕಣ್ರಲೇ! ಮೊದ್ಲು ಮೇನ್ ಇಳ್ಸಿ!” ಅಂತ ಗೋಡೆಯ ಸ್ವಿಚ್ಚಿನ ಕಡೆ ಓಡಿದರು.

“ಮಾವ, ನಿನ್ನ ದಮ್ಮಯ್ಯ, ಮುಟ್ಬೇಡ!” ಅಂತ ಕಿರುಚಿದೆ. ಎದ್ದು ಓಡೋಣ ಅಂದರೆ ಅವ್ವನ ಹಿಡಿತ ಬಿಡಿಸಿಕೊಳ್ಳೋಕೆ ಆಗಲಿಲ್ಲ. “ನೋಡ್ರಪ್ಪ, ಎದ್ರುಕೇಲಿ ಎಂಗಾಡ್ತನೆ ನನ್ ಮಗ!” ಅಂತ ಇನ್ನೂ ಬಿಗಿಯಾಗಿ ಹಿಡಿದಳು.

ಯಜಮಾನರು ಕೋಲಿನ ಸಮೇತ ಹಾರಿ ಸ್ವಿಚ್ಚಿಗೆ ಅಡ್ಡ ನಿಂತರು. “ಏನೇ ಆಗ್ಲಿ, ಕರೆಂಟ್ ತೆಗಿಯೋಕೆ ಬಿಡಲ್ಲ!” ಅಂದರು. ಆ ಗಳಿಗೆಯಲ್ಲಿ ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿರಲಿಲ್ಲ. ಬೀದಿಯವರು ತೋಳೇರಿಸಿದರು. ಮಾವ ಯಜಮಾನರ ಕಂಕುಳ ಕೆಳಗೆ ನುಸುಳಿ ಸ್ವಿಚ್ಚಿನ ಹಿಡಿಗೆ ಕೈಹಾಕಿದರು.

ಮಿಷನ್ ಬೀಪ್ ಅಂತು. ಅದರ ಹಿಂದೆಯೇ ಮಾವ ಮೇನ್ ಇಳಿಸಿದರು. ಗಿರಣಿಯೆಲ್ಲ ಗಪ್ಪಾಯ್ತು. ಸಾಫ್ಟ್‌ವೇರ್ ಪೂರ್ತಿ ತುಂಬಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

“ಮಾವ, ಮೇಲೆತ್ತು” ಅಂದೆ.

ಎತ್ತಿದರು. ಎಲ್ಲರೂ ಮಿಷನ್ನನ್ನೇ ನೋಡಿದೆವು. ಹಸಿರು ದೀಪ ಬಂತು. ಫುಸ್ ಫುಸ್ ಅಂತ ಗಾಳಿ ಊದಿ ಕಪ್ಪು ಕಾಳು ಒಂದು ಕಡೆ, ಬಿಳಿ ಅಕ್ಕಿ ಒಂದು ಕಡೆ ಬಿತ್ತು. ನನಗೆ ಅಳುವೇ ಬಂದುಬಿಟ್ಟಿತು. ಯಜಮಾನರು ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಹಚ್ಚಿ, “ಎದ್ದಿತು ಕಣ್ರೀ. ಇನ್ಮೇಲೆ ಈ ಹುಡುಗನ್ನೇ ಕಳಿಸಿ, ಇವನಿಲ್ದಿದ್ರೆ ನಿಮ್ಮ ಕಾರ್ಡೇ ನಮಗೆ ಬೇಡ” ಅಂದರು. ನಾಳೆ ಬಂದು ಕಾಯಂ ಆರ್ಡರ್ ತಗೊಳ್ಳೋಕೆ ಹೇಳಿ ಅಂತ ಆ ಕಡೆಯಿಂದ ಉತ್ತರ ಬಂತು.

ನಾನು ಪಟ್ಟಿ ಬಿಚ್ಚಿ, ಅದು ಯಾಕೆ, ಏನು, ಎತ್ತ ಅಂತ ಎಲ್ಲರಿಗೂ ವಿವರಿಸಿದೆ. ಮಾವ ಮೀಸೆ ಸವರಿಕೊಳ್ತಾ ಗೋಡೆ ನೋಡಿದರು. ಅವ್ವ ಪಟ್ಟಿಯನ್ನು ಇಸ್ಕೊಂಡು ಹಿಂದೆ ಮುಂದೆ ತಿರುಗಿಸಿದಳು.

“ಅಂದ್ರೆ ಇದ ಕಟ್ಕಂಡು, ಕೆಲ್ಸ ಮುಗಿಯೋಗಂಟ ಎದ್ದೋಗ್ದೆ ಕೂತಿದ್ದಾ ನೀನು?”

“ಊಂ ಕಣವ್ವ.”

ಅವ್ವ ಯಜಮಾನರ ಕಡೆ ತಿರುಗಿ ಕೈಮುಗಿದಳು. “ಸಾ, ನಿಮ್ಮನ್ನ ಏನೇನೋ ಅನ್ಕಬುಟ್ಟೆ, ತಪ್ಪಾಯ್ತು. ಇದೊಂದ ನಂಗ್ ಕೊಟ್ಬುಡಿ. ಮನೇಲಿ ಒಂದ್ ಬಲ್ಪ್ ಆಕ್ಲಾ ಅಂದ್ರೆ, ಬತ್ತೀನಿ ಅಂತ ಎದ್ದೋದೋನು ಬರಾಕೇ ಇಲ್ಲ. ನಾಳಿಂದ ನಾನೇ ಕಟ್ಟಾಕ್ತೀನಿ.”