ವನ್ಸ್‌ಮೋರ್ ಏಟಿನ ವಿಚಾರವಾಗಿ ನನ್ನ ಎಡಗೆನ್ನೆಯ ಅಹವಾಲು

ಹೊಳಲು, ಮೇ ೧೯೪೪

ಮದ್ದೂರು ಸೀಮೆಯ ಹಾಸ್ಯರತ್ನ, ತಾವು ನಗದೆ ಊರನ್ನೆಲ್ಲ ನಗಿಸುವ ಪುಟ್ಟಮಾದಯ್ಯನವರ ಸನ್ನಿಧಾನಕ್ಕೆ, ವಿಶೇಷವಾಗಿ ಅವರ ಬಲಗೈಗೆ, ಹೊಳಲು ಚಲುವರಾಜು ದೂರದಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ಹೈಸ್ಕೂಲಿನಿಂದಲೂ ಹಾಸ್ಟೆಲಿನಲ್ಲಿರುವ ನನಗೆ ಬರೆಯಲು ಬರುವ ಕಾಗದವೆಂದರೆ ವಾರ್ಡನ್ನರಿಗೆ ಬರೆಯುವ ರಜೆಚೀಟಿ ಒಂದೇ. ಆದ್ದರಿಂದ ಈ ಪತ್ರದ ಧಾಟಿ ಅತಿ ವಿನಯವೆನಿಸಿದರೆ ಕ್ಷಮಿಸಬೇಕು. ಬಹಿರಂಗವಾಗಿ ಏಕೆ ಬರೆದೆ ಎಂದು ಕೇಳುವಿರಾದರೆ, ಏಟು ಬಿದ್ದದ್ದೂ ಬಹಿರಂಗವಾಗಿಯೇ.

ಇಂಟರ್ಮೀಡಿಯೆಟ್ಟಿನ ಮೊದಲ ವರ್ಷ ಮುಗಿಸಿ ಬೇಸಿಗೆ ರಜೆಗೆ ಊರಿಗೆ ಬಂದವನನ್ನು ತಾವು ಕರೆದು, ಆ ಹಳೇ ಜಿಪುಣನ ಪ್ರಹಸನದಲ್ಲಿ ಆಳು ಬೆಪ್ಪನ ಪಾರ್ಟು ಕೊಟ್ಟಿರಿ. ಯಜಮಾನನ ಪಾರ್ಟು ತಮ್ಮದು. ಬಂದ ನೆಂಟರಿಗೆ ಬೆಪ್ಪ ಒಂದು ಲೋಟ ಮಜ್ಜಿಗೆ ಕೊಟ್ಟುಬಿಡುತ್ತಾನೆ, ಯಜಮಾನ ಅವನ ಕೆನ್ನೆಗೆ ಒಂದು ಬಾರಿಸುತ್ತಾನೆ. ರಿಹರ್ಸಲ್ಲಿನಲ್ಲಿ ತಮ್ಮ ಕೈ ಗಾಳಿಯಲ್ಲೇ ನಿಂತಿತ್ತು, ನಾನು ಚಪ್ಪಾಳೆ ತಟ್ಟಿ ಸದ್ದು ಮಾಡಿಕೊಂಡಿದ್ದೆ. ನಾಟಕ ಎಂದರೆ ಇಷ್ಟೇ ಎಂದುಕೊಂಡಿದ್ದೆ, ಸ್ವಾಮಿ.

ಮಂಡ್ಯದ ಪ್ರದರ್ಶನದಲ್ಲಿ ಆ ಕೈ ನಿಲ್ಲಲಿಲ್ಲ. ಆಲೆಮನೆಯಲ್ಲಿ ಬಿಸಿ ಬೆಲ್ಲ ತಟ್ಟಿ ತಟ್ಟಿ ಹದಗೊಂಡ ಅಂಗೈಯದು. ಸದ್ದಿಗೆ ಗ್ಯಾಸ್‌ಲೈಟಿನ ಸುತ್ತ ಹಾರುತ್ತಿದ್ದ ಹುಳಗಳೂ ಚದುರಿದವು. ಜನ ಬಿದ್ದು ಬಿದ್ದು ನಕ್ಕರು, ನಕ್ಕು ಮುಗಿಸಿ "ವನ್ಸ್‌ಮೋರ್!" ಎಂದರು. ಹಾಡಿಗೆ ವನ್ಸ್‌ಮೋರ್ ಕೇಳುವುದುಂಟು, ಏಟಿಗೆ ಕೇಳುವುದುಂಟೇ? ನಮ್ಮ ಹಾರ್ಮೋನಿಯಂ ಮೇಷ್ಟ್ರು ಮೆಹಬೂಬ್ ಪಾಷಾ ಸಾಹೇಬರು ಕ್ಷಣವೂ ಯೋಚಿಸದೆ ಹಿಂದಿನ ಸ್ವರಕ್ಕೆ ಹೋಗಿಬಿಟ್ಟರು. ಏನು ಕಾದಿದೆ ಎಂದು ಚೆನ್ನಾಗಿ ಗೊತ್ತಿದ್ದೂ ನಾನು ಮಜ್ಜಿಗೆ ಲೋಟ ಹಿಡಿದು ಸೈಡ್ ವಿಂಗಿನಿಂದ ಮತ್ತೆ ನಡೆದು ಬರಬೇಕಾಯಿತು. ಆಮೇಲೆ ತಾವು ಬೆನ್ನು ತಟ್ಟಿ, "ಎರಡನೇ ಸಲ ಹೆದರ್ಕೊಂಡ್ ಬಂದೆ ನೋಡು, ಅದು ಕಣ್ಲಾ ಆಕ್ಟಿಂಗು!" ಎಂದಿರಿ. ಅದು ಆಕ್ಟಿಂಗ್ ಆಗಿರಲಿಲ್ಲ ಎಂದು ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.

ಕಾರಣ ಕೇಳಿದ್ದಕ್ಕೆ ತಾವು ಹೇಳಿದ ಸಿದ್ಧಾಂತ ಬಾಯಿಪಾಠವಾಗಿದೆ. "ಸುಳ್ಳು ಏಟು ಹೊಡುದ್ರೆ ಜನ ಸುಳ್ಳು ನಗು ನಗ್ತಾರೆ. ನಗೋದು ಅವರ ಕೆಲ್ಸ. ನಾವು ನಿಜವಾಗ್ಲೂ ಸಿಟ್ಟಾಗ್ಬೇಕು, ನಿಜವಾಗ್ಲೂ ನೋಯ್ಬೇಕು." ಎಂಥ ಉದಾತ್ತ ಮಾತು! ಸಿಟ್ಟಾಗುವ ಭಾಗವನ್ನು ತಾವು ವಹಿಸಿಕೊಂಡು, ನೋಯುವ ಭಾಗವನ್ನು ಹೊಸಬನೆಂಬ ಸಂಕೋಚವಿಲ್ಲದೆ ನನಗೇ ಬಿಟ್ಟುಕೊಟ್ಟ ಔದಾರ್ಯವನ್ನು ಏನೆಂದು ಹೊಗಳಲಿ? ಅಕ್ಕಿಗೆ ರೇಷನ್, ಸೀಮೆಎಣ್ಣೆಗೆ ರೇಷನ್, ಬಟ್ಟೆಗೆ ರೇಷನ್ ಇರುವ ಈ ಯುದ್ಧಕಾಲದಲ್ಲಿ ಏಟನ್ನು ಮಾತ್ರ ಕೇಳಿದಷ್ಟು ಕೊಡುವ ದೊರೆ ತಾವೊಬ್ಬರೇ.

ಬೆಸಗರಹಳ್ಳಿಯ ಆಟಕ್ಕೆ ನನ್ನನ್ನು ಸಾಕಿದ ಅಜ್ಜಿ ದೇವಿರಮ್ಮ ಬಂದಿದ್ದರು. ಅವರು ನಾಟಕ ನೋಡಿದ್ದು ಅದೇ ಮೊದಲು. ಮೊದಲನೇ ಏಟಿಗೇ ಹೆಂಗಸರ ನಡುವಿನಿಂದ ಎದ್ದು ನಿಂತು, "ಲೇ, ನಿನ್ ಕೈ ಸೇದೋಗ! ನಾನ್ ಸಾಕಿದ್ ಮೊಮ್ಮಗ ಕಣ್ಲಾ ಅವ್ನು! ಒಂದ್ ಲೋಟ ಮಜ್ಜಿಗೆಗೆ ಇಂಗ್ ಒಡ್ದಾರಾ? ನಮ್ಮನೇಲಿ ಗಡಿಗೆ ತುಂಬ ಅದೆ, ಬಂದು ಕುಡುದ್ ಸಾಯಿ!" ಎಂದು ಗುಡುಗಿದರು. ನನ್ನ ಪ್ರಾಣಕ್ಕೆ ಹಾಲೆರೆದಂತಾಯಿತು. ಇನ್ನು ತಾವು ತಬ್ಬಿಬ್ಬಾಗುತ್ತೀರಿ, ಪರದೆ ಬೀಳುತ್ತದೆ, ನಾನು ಪಾರಾದೆ ಎಂದುಕೊಂಡೆ.

ತಾವೋ, ಜಿಪುಣನ ಗಂಟುಮುಖವನ್ನು ಎಳ್ಳಷ್ಟೂ ಸಡಿಲಿಸದೆ ಅಜ್ಜಿಯ ಕಡೆಗೆ ತಿರುಗಿ, "ಮಜ್ಜಿಗೆ ಬಿಟ್ಟಿ ತಾನೇ ಅವ್ವಾ? ಅಂಗಾರೆ ಇವನಿಗೆ ಇನ್ನೊಂದು ಬುಡ್ತೀನಿ, ಇನ್ನೊಂದು ಗಡಿಗೆ ಕೊಡು!" ಎಂದು ಹೇಳಿ, ಹೇಳಿದಂತೆಯೇ ಬಿಟ್ಟಿರಿ. ಬೆಸಗರಹಳ್ಳಿ ಅಂದು ನಕ್ಕಂತೆ ಎಂದೂ ನಕ್ಕಿರಲಾರದು. ವನ್ಸ್‌ಮೋರ್ ಬಂತು. ಪಾಷಾ ಸಾಹೇಬರ ಬೆರಳು ಹಿಂದಕ್ಕೆ ಓಡಿತು. ಘೋರವೆಂದರೆ, ನಮ್ಮಜ್ಜಿಯೂ ಸೆರಗು ಸರಿಮಾಡಿಕೊಂಡು ಮತ್ತೆ ಎದ್ದು, ಮೊದಲಿಗಿಂತ ಚೆನ್ನಾಗಿ ಬೈದರು.

ಮಾರನೇ ದಿನ ತಾವು ನಮ್ಮ ಮನೆಗೇ ಬಂದು, ಮಜ್ಜಿಗೆಯನ್ನೂ ಕುಡಿದು, ಮಳವಳ್ಳಿಯ ಆಟಕ್ಕೆ ಅಜ್ಜಿಯನ್ನು ಒಪ್ಪಿಸಿಕೊಂಡು ಹೋದಿರಿ. ಈಗ ಅವರು ರಾಗಿ ಬೀಸುತ್ತಾ ಬೈಗುಳದ ರಿಹರ್ಸಲ್ ಮಾಡುತ್ತಾರೆ. ನೀನಾದರೂ ಏಟು ನಿಲ್ಲಿಸಜ್ಜಿ ಎಂದು ಅಂಗಲಾಚಿದರೆ, "ನೀನು ಏಟು ತಿಂದ್ರೆ ತಾನೇ ಕಣ್ಲಾ ನಾನು ಎದ್ದೇಳೋದು?" ಎನ್ನುತ್ತಾರೆ. ಹೀಗೆ ನನ್ನ ಕಡೆಗಿದ್ದ ಒಬ್ಬ ಸಾಕ್ಷಿಯನ್ನೂ ತಾವು ಕಂಪನಿಗೆ ಸೇರಿಸಿಕೊಂಡಿರಿ.

ಮಾನ್ಯರೇ, ಮಳವಳ್ಳಿಯೇ ನನ್ನ ಭಯ. ನನ್ನ ಹಾಸ್ಟೆಲ್ ರೂಮಿನ ಗೆಳೆಯರಿಬ್ಬರ ಊರು ಅದು. ಅವರು ಮುಂದಿನ ಸಾಲಿನಲ್ಲಿ ಕುಳಿತು ನಾನು ಏಟು ತಿನ್ನುವುದನ್ನು ನೋಡಿದರೆ, ರಜೆ ಮುಗಿದ ಮೇಲೆ ಹಾಸ್ಟೆಲಿನಲ್ಲಿ ಚಲುವರಾಜು ಎಂಬವನು ಇರುವುದಿಲ್ಲ, ಡಿಗ್ರಿ ಮುಗಿಯುವವರೆಗೂ ಬೆಪ್ಪನೇ. ಆದ್ದರಿಂದ ನನ್ನ ಹಂಬಲ್ ರಿಕ್ವೆಸ್ಟ್ ಏನೆಂದರೆ, ತಾವು ಎಡಗೈಯವರಾಗಬೇಕು, ಆ ಕೈಯ ಏಟು ಇಷ್ಟು ಸದ್ದು ಮಾಡಲಾರದು. ಸಾಧ್ಯವಾಗದಿದ್ದರೆ ಏಟಿನ ಹೊತ್ತಿಗೆ ಗ್ಯಾಸ್‌ಲೈಟು ಆರುವಂತೆ ಏರ್ಪಡಿಸಬೇಕು. ಅದೂ ಆಗದಿದ್ದರೆ ಆ ಜಿಪುಣ ಒಂದು ಸಂಜೆಯ ಮಟ್ಟಿಗೆ ಏಟಿನಲ್ಲಾದರೂ ಜಿಪುಣತನ ತೋರಬೇಕು. ಪಾತ್ರಕ್ಕೆ ಅದೇ ಅಲ್ಲವೇ ನ್ಯಾಯ?

ಬಲಗೆನ್ನೆಯ ಮಟ್ಟಿಗೆ ಇನ್ನೂ
ತಮ್ಮ ವಿಶ್ವಾಸಿ,
ಚಲುವರಾಜು

ತಾ.ಕ.: ಸುಳ್ಳು ಏಟಿಗೆ ಸುಳ್ಳು ನಗು ಎಂಬ ತಮ್ಮ ಸಿದ್ಧಾಂತವನ್ನು ನಿನ್ನೆ ಅಜ್ಜಿಗೆ ಬಿಡಿಸಿ ಹೇಳಿದೆ. ಬೀಸುಕಲ್ಲು ನಿಲ್ಲಿಸಿ ಪೂರ್ತಿ ಕೇಳಿದರು, ಪೂರ್ತಿ ಒಪ್ಪಿದರು. "ಅಂಗಾರೆ ಬರೀ ಬಾಯಲ್ಲಿ ಬೈದ್ರೆ ಸುಳ್ಳಾಯ್ತದೆ" ಎಂದು ಹೇಳಿ, ಮಳವಳ್ಳಿಯಲ್ಲಿ ಸ್ಟೇಜಿನ ಮೇಲಕ್ಕೇ ಬರುವುದಾಗಿ ತೀರ್ಮಾನಿಸಿದ್ದಾರೆ. ರಾಗಿ ಬೀಸಿದ ಕೈ, ತಮಗೆ ತಿಳಿಯದ್ದೇನಲ್ಲ. ಪಾಷಾ ಸಾಹೇಬರಿಗೆ ಆಗಲೇ ಹೇಳಿದ್ದೇನೆ, ಬಹಳ ಖುಷಿಪಟ್ಟರು. ಹಾಸ್ಟೆಲಿನ ಗೆಳೆಯರಿಗೂ ಕಾರ್ಡು ಹಾಕಿದ್ದೇನೆ. ಅವರ ಗಂಟಲು ದೊಡ್ಡದು, ವನ್ಸ್‌ಮೋರ್ ಕೂಗುವುದರಲ್ಲಿ ಅವರನ್ನು ಮೀರಿಸುವವರು ಇಲ್ಲ.