ಅತ್ತೆ ಹಡಗಿನ ಮೇಲೆ ಹೂಡಿದ ತಕರಾರು

ನೆಲದ ಮೇಲೆ ತಕರಾರು ಮಾಡುವುದಕ್ಕೆ ಏನೂ ಉಳಿಯದೇ ಹೋದಾಗ ನಮ್ಮ ಸೋದರತ್ತೆ ಸಮುದ್ರಕ್ಕೆ ಹೋದಳು. ಇದು ಉತ್ಪ್ರೇಕ್ಷೆ ಎಂದು ನಿಮಗನ್ನಿಸಿದರೆ ನೀವು ಆಕೆಯನ್ನು ನೋಡಿಲ್ಲ ಎಂದೇ ಅರ್ಥ. ನೋಡಿದ್ದರೆ ಈ ಹೊತ್ತಿಗೆ ನಿಮ್ಮ ಮೇಲೂ ಒಂದು ಅರ್ಜಿ ಬಿದ್ದಿರುತ್ತಿತ್ತು!

ಅತ್ತೆ ಇರಕಲ್ಲಗಡದ ಕಡೆಯ ಶಾಲೆಯೊಂದರಲ್ಲಿ ಹೆಡ್‌ ಬಾಯಿ, ಅಂದರೆ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಕೇಳಿದರೆ, "ನೋಡಾಕ ಬಂದವರೆಲ್ಲಾ ಕಾಗುಣಿತ ತಪ್ಪು ಬರೀತಿದ್ರು" ಎನ್ನುತ್ತಾಳೆ. ಕೊಪ್ಪಳದ ನಮ್ಮ ಮನೆಯಲ್ಲೇ ಇದ್ದಾಳೆ. ಯಾರದಾದರೂ ಲಗ್ನಪತ್ರಿಕೆ ಬಂದರೆ ಕೆಂಪು ಪೆನ್ನಿನಿಂದ ತಿದ್ದಿ, ಹತ್ತಕ್ಕೆ ಆರು ಅಂಕ ಹಾಕಿ, ಲಗ್ನದ ದಿನ ಆಹೇರಿ ಉಡುಗೊರೆಯ ಜೊತೆಗೆ ವಾಪಸ್ಸು ಕೊಟ್ಟು ಬರುತ್ತಾಳೆ.

ಒಮ್ಮೆ ಹೇಮಗುಡ್ಡಕ್ಕೆ ಹೋದಾಗ ಆಕೆಯ ಹೊಸ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ದೇವಿಯ ದರ್ಶನ ಮುಗಿಸಿದವಳೇ ನನ್ನನ್ನು ಎಳೆದುಕೊಂಡು ನೇರ ಗಂಗಾವತಿಯ ಚಪ್ಪಲಿ ಅಂಗಡಿಗೆ ನಡೆದಳು. ಅಂಗಡಿಯವನು ಪಾಪ, ಬೇರೆ ಜೋಡಿ ಕೊಡಲು ಬಂದ.

"ಚಪ್ಲಿ ಬ್ಯಾಡ. ತಪ್ಪಾತು ಅನ್ನು."

"ತಪ್ಪಾತ್ರಿ ಅಕ್ಕಾರ."

"ನನಗಲ್ಲೋ! ನೋವಾಗಿದ್ದು ನನ್ನ ಕಾಲಿಗೆ. ಅದಕ್ಕ ಹೇಳು."

ಅವನು ಬಗ್ಗಿ ಆಕೆಯ ಪಾದಕ್ಕೆ ಕೈಮುಗಿದ. ಅದೇ ಹೊತ್ತಿಗೆ ಒಳಗೆ ಬಂದ ಇಬ್ಬರು ಹೆಂಗಸರು, ಯಾರೋ ದೊಡ್ಡ ಮಾತಾಜಿ ಬಂದಿದ್ದಾರೆಂದು ತಿಳಿದು ತಾವೂ ಕಾಲಿಗೆ ಬಿದ್ದರು! ಅತ್ತೆ ಬೇಡ ಎನ್ನಲಿಲ್ಲ. ಇಬ್ಬರಿಗೂ ಆಶೀರ್ವಾದ ಮಾಡಿದಳು.

ಇಂಥ ಅತ್ತೆ, ಯಲಬುರ್ಗಾದ ತನ್ನ ಹಳೇ ಗೆಳತಿ ಟೀಚರಮ್ಮನ ಜೊತೆ ಸೇರಿಕೊಂಡು ಮುಂಬೈಯಿಂದ ಹೊರಡುವ ಪ್ರವಾಸಿ ಹಡಗು ಹತ್ತಿದಳು. ಕೊಪ್ಪಳಕ್ಕೂ ಸಮುದ್ರಕ್ಕೂ ಕಿರಾಣಿ ಅಂಗಡಿಯ ಉಪ್ಪು ಬಿಟ್ಟರೆ ಬೇರೇನು ಸಂಬಂಧವಿದೆ ಹೇಳಿ? ಆದರೂ ಕಟಿರೊಟ್ಟಿ, ಶೇಂಗಾಚಟ್ನಿಗಳ ಗಂಟಿನೊಡನೆ ಹಡಗು ಹತ್ತಿದ ಆಕೆ ಮೊದಲ ದಿನವೇ ಫೋನು ಮಾಡಿದಳು.

"ಹಡಗಲ್ಲೋ ಇದು. ಕಲ್ಯಾಣ ಮಂಟಪ ತಂದು ನೀರಾಗ ಇಟ್ಟಾರ. ಮ್ಯಾಲ ಈಜೋ ಹೊಂಡ ಬ್ಯಾರೆ ಕಟ್ಯಾರ! ಸುತ್ತ ಅಷ್ಟು ದೊಡ್ಡ ಸಮುದ್ರ ಐತಿ, ಇವರಿಗೆ ನೀರಿಂದೇನು ಬರಾ ಬಂದಿತ್ತು?"

ಎರಡನೆಯ ದಿನದ ಫೋನು ಟೀಚರಮ್ಮನಿಂದ ಬಂತು. "ಗಾಬ್ರಿ ಆಗಬ್ಯಾಡ್ರಿ. ನಿಮ್ಮತ್ತಿ ಬಿದ್ದಾಳ."

"ಸಮುದ್ರಕ್ಕೇನ್ರಿ?"

"ಇಲ್ಲ, ಒಬ್ಬ ಮನಿಶಾನ ಮ್ಯಾಲೆ."

ನಡೆದದ್ದು ಇಷ್ಟು. ಈಜುಕೊಳದ ಬದಿಯ ಒದ್ದೆ ನೆಲದಲ್ಲಿ ಅತ್ತೆಯ ಕಾಲು ಜಾರಿತು. ಅಲ್ಲೇ ನೆಲ ಒರೆಸುತ್ತಿದ್ದ ಹಡಗಿನ ಕೆಲಸದವನೊಬ್ಬ ಹಿಡಿಯಲು ಧಾವಿಸಿದ. ಅತ್ತೆ ಅವನ ಕೊರಳಪಟ್ಟಿ ಹಿಡಿದಳು. ಇಬ್ಬರೂ ಬಿದ್ದರು, ಮೇಲೆ ಸಾಬೂನು ನೀರಿನ ಬಕೆಟ್ಟೂ ಬಿತ್ತು. ಇಬ್ಬರದೂ ಬಲಗೈ ಮುಂಗೈ ಮುರಿಯಿತು. ಹಡಗಿನ ಡಾಕ್ಟರು ಅಕ್ಕಪಕ್ಕದಲ್ಲೇ ಕೂರಿಸಿ ಇಬ್ಬರಿಗೂ ಪಟ್ಟಿ ಹಾಕಿದರಂತೆ. ಅತ್ತೆ ಫೋನು ಇಸಿದುಕೊಂಡು ಹೇಳಿದ್ದು ಒಂದೇ ಮಾತು: "ಉಟ್ಟ ಸೀರಿ ಉಟ್ಟಂಗ ಒಗದು ಕೊಟ್ಟಾರ. ಕೇಸು ಹಾಕು!"

ನಾನು ಕೊಪ್ಪಳದ ಕೋರ್ಟಿನಲ್ಲಿ ವಕೀಲ. ಆಗಲೇ, "ಸಾಕ್ಷಿ ಬೇಕಾಗತೈತಿ, ಆ ಮನಿಶಾನ ಫೋನ್ ನಂಬರ್ ಇಸ್ಕೊಂಡು ಬಾ" ಎಂದು ಕಾನೂನು ಸಲಹೆ ಕೊಟ್ಟೆ. ಆದರೆ ನನ್ನ ಅನುಭವವೆಲ್ಲ ಟ್ರ್ಯಾಕ್ಟರು, ಬೈಕು ಮತ್ತು ಅವೆರಡರ ನಡುವೆ ಬಂದ ಎಮ್ಮೆಗಳಿಗೆ ಸೀಮಿತ. ಹಡಗನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ವಕೀಲರ ಕೋಣೆಯಲ್ಲಿ ವಿಷಯ ಎತ್ತಿದೆ ನೋಡಿ, ಸಲಹೆಗಳ ಸುರಿಮಳೆ!

"ಹಡಗಿನ ನಂಬರ್ ಪ್ಲೇಟ್ ಬರಕೊಂಡಾರೇನ್ರಿ?"

"ಡ್ರೈವರ್ ಹತ್ರ ಲೈಸೆನ್ಸ್ ಇತ್ತೋ ಇಲ್ಲೋ ಮೊದ್ಲ ಕೇಳ್ರಿ."

"ಅದೆಲ್ಲಾ ಇರ್ಲಿ, ಪಂಚನಾಮೆ ಮಾಡೋ ಪಂಚರಿಗೆ ಈಜು ಬರಬೇಕಲ್ರಿ!"

ಅತ್ತೆ ಪ್ರವಾಸದಿಂದ ಮರಳಿದ ಮೇಲೆ, ಮನೆಯಲ್ಲಿ ಟಿಕೆಟ್ಟಿನ ಜೊತೆಗೆ ಬಂದಿದ್ದ ಷರತ್ತುಗಳನ್ನು ಓದಲು ಕುಳಿತೆವು. ಇರುವೆ ಸಾಲಿನಂಥ ಅಕ್ಷರ. ಗಾಯವಾದರೆ ಇಂತಿಷ್ಟು ದಿನದೊಳಗೆ ನೋಟಿಸು ಕೊಡಬೇಕು, ಕೇಸು ಹಾಕುವುದಾದರೆ ಮುಂಬೈಯಲ್ಲೇ ಹಾಕಬೇಕು ಎಂದೆಲ್ಲ ಇತ್ತು. ಅತ್ತೆ ಭೂತಗನ್ನಡಿ ಹಿಡಿದು ಪೂರ್ತಿ ಓದಿ, ಎಡಗೈಯಲ್ಲೇ ಕೆಂಪು ಪೆನ್ನು ಹಿಡಿದು ಅಲ್ಪವಿರಾಮಗಳನ್ನು ತಿದ್ದಿದಳು. ಆಮೇಲೆ ನಾನು ನೋಟಿಸಿಗಾಗಿ ವಿವರ ಕೇಳತೊಡಗಿದೆ.

"ಬೀಳುವಾಗ ಹಡಗು ಎಷ್ಟು ಜೋರು ಹೊಂಟಿತ್ತು?"

"ಹಡಗಿಂದ್ಯಾಕ ಕೇಳ್ತಿ? ನಂದು ಕೇಳು!"

"ಪರಿಹಾರ ಎಷ್ಟು ಬರೀಲಿ?"

"ರೊಕ್ಕ ಯಾರಿಗೆ ಬೇಕಾಗೇತಿ? ಕ್ಯಾಪ್ಟನ್ ಬಂದು ತಪ್ಪಾತು ಅನ್ಲಿ."

"ಕೊಪ್ಪಳಕ್ಕ?"

"ಹೂಂ. ಬಸ್ಸಿಗೆ ಬರಲಿ. ಹಡಗ ತರೋದು ಬ್ಯಾಡ."

ನೋಟಿಸು ಹೋಯಿತು. ನಾನು ಮರೆತೂ ಬಿಟ್ಟೆ. ಆದರೆ ತಿಂಗಳೊಳಗೇ ಕಂಪನಿಯಿಂದ ಬಹಳ ನಯವಾದ ಉತ್ತರ ಬಂತು! ಆಸ್ಪತ್ರೆಯ ಖರ್ಚು ಕೊಡುತ್ತೇವೆ, ಇನ್ನೊಂದು ಪ್ರವಾಸವನ್ನು ಪುಕ್ಕಟೆ ಮಾಡಿಸುತ್ತೇವೆ ಎಂದು ಬರೆದಿದ್ದರು. ವಕೀಲಿಕೆಯಲ್ಲಿ ನಾನು ಕಂಡ ಅತಿ ದೊಡ್ಡ ಗೆಲುವು ಇದೇ ಎಂದು ಓದುತ್ತಾ ಹೋದವನು ಕೊನೆಯ ಸಾಲಿಗೆ ಬಂದೆ: "ಒದ್ದೆ ನೆಲದಲ್ಲಿ ಎಚ್ಚರಿಕೆಯ ಫಲಕ ಇಡದ ನೌಕರನನ್ನು ಹಡಗಿನಿಂದ ಇಳಿಸಲಾಗಿದೆ."

ಅತ್ತೆ ಕನ್ನಡಕ ತೆಗೆದಳು. "ಇಳಿಸ್ಯಾರಂದ್ರ?"

"ಕೆಲಸದಿಂದ ತಗದಾರ."

"ಫೋನ್ ಹಚ್ಚು ಅವಗ."

ಹಚ್ಚಿದೆ. ಅವನು ಕಾರವಾರದವನು. ನಡುವಯಸ್ಸು, ಹದಿನೈದು ವರ್ಷ ಹಡಗಿನಲ್ಲೇ ದುಡಿದವನು. ನಾನು ಅತ್ತೆಯ ಹೆಸರು ಹೇಳುತ್ತಿದ್ದಂತೆ ಅವನು ಕೇಳಿದ್ದು, "ಟೀಚರ್ ಕೈ ಹ್ಯಾಂಗದೆ ಈಗ?" ಎಂದು. ನನ್ನ ಕೈ ಇನ್ನೂ ಮಡಚಲು ಬರುವುದಿಲ್ಲ, ಚಿಕಿತ್ಸೆಗೂ ಸಂಬಳಕ್ಕೂ ಅರ್ಜಿ ಹಾಕಿದ್ದೆ, ನಿನ್ನ ತಪ್ಪಿನಿಂದಲೇ ನೀನು ಬಿದ್ದೆ ಎಂದು ತಳ್ಳಿಹಾಕಿದರು ಎಂದ. "ನಾ ಬೋರ್ಡ್ ಇಟ್ಟಿದ್ದೆ ಸಾರ್. ದೇವರಾಣೆಗೂ ಇಟ್ಟಿದ್ದೆ. ಎಲ್ಲಿ ಹೋಯ್ತೋ ಗೊತ್ತಿಲ್ಲ. ನನ್ ಮಾತು ಯಾರು ಕೇಳ್ತಾರೆ?"

ಅತ್ತೆ ಫೋನಿನ ಹತ್ತಿರ ಬಗ್ಗಿದಳು. "ಹಳದಿ ಬೋರ್ಡೇನ್ರಿ? ಮಡಚಾಕ ಬರೋದು? ಮನಿಶಾ ಜಾರೋ ಚಿತ್ರ ಇದ್ದದ್ದು?"

"ಹೌದು ಟೀಚರೇ. ಅದೇ."

ಅತ್ತೆ ತೆಗೆದಿದ್ದ ಕನ್ನಡಕವನ್ನು ಮತ್ತೆ ಏರಿಸಿಕೊಂಡಳು.

"ಅದನ್ನ ನಾನ ತಗದಿಟ್ಟೆ," ಎಂದಳು ಅತ್ತೆ. "ದಾರ್ಯಾಗ ಅಡ್ಡ ಇತ್ತು. ಯಾರಾರ ಎಡವಿ ಬಿದ್ದಗಿದ್ದಾರು ಅಂತ, ಮಡಚಿ ಗ್ವಾಡಿಗೆ ಆನಿಸಿದೆ."

ಬೀಳಬಾರದೆಂದು ಇಟ್ಟ ಫಲಕವನ್ನು, ಬೀಳಬಾರದೆಂದೇ ತೆಗೆದಿಟ್ಟು, ಅಲ್ಲೇ ಬಿದ್ದವಳು ಲೋಕದಲ್ಲಿ ನಮ್ಮತ್ತೆ ಒಬ್ಬಳೇ ಇರಬೇಕು! ಫೋನು ಇಟ್ಟ ಮೇಲೆ ಅಕ್ಷರಶಃ ಕೈಮುಗಿದೆ.

"ಅತ್ತಿ, ಇದನ್ಯಾಕ ಮೊದಲ ಹೇಳಲಿಲ್ಲ?"

"ನೀ ಹಡಗಿನ ಜೋರು ಕೇಳಿದಿ. ಬೋರ್ಡಿನ ಮಾತು ಎಲ್ಲಿ ಕೇಳಿದಿ? ನನಗರ ಏನು ನೆನಪು? ಕಸ ಕಂಡ್ರ ಗುಡಿಸೋದು, ಅಡ್ಡ ಇದ್ದದ್ದು ಸರಿಸೋದು. ನಲವತ್ತು ವರ್ಷದ ಚಟ."

"ಆತು, ಇನ್ನ ಯಾರ ಮುಂದೂ ಹೇಳಬ್ಯಾಡ. ಕೇಸು ಮುಳಗತೈತಿ."

"ಮುಳುಗಲಿ. ಹಡಗೇನು ಮುಳುಗಿಲ್ಲಲ್ಲ? ಕಾಗದ ತಗೋ."

ಹೀಗೆ, ಗೆದ್ದ ಕೇಸನ್ನು ಸೋಲುವುದಕ್ಕಾಗಿ ನಾನು ಎರಡನೆಯ ಪತ್ರ ಬರೆದೆ. ಆಕೆ ಹೇಳುತ್ತಾ ಹೋದಳು: ಫಲಕ ಇಟ್ಟವನು ಅವನು, ತೆಗೆದವಳು ನಾನು. ಅವನು ಕೆಲಸ ಕೆಡಿಸಿ ಬೀಳಲಿಲ್ಲ, ನನ್ನನ್ನು ಹಿಡಿಯಲು ಬಂದು ಬಿದ್ದ. ನನಗೆ ನಿಮ್ಮ ಪುಕ್ಕಟೆ ಪ್ರವಾಸ ಬೇಡ, ಅವನ ಕೆಲಸ ಅವನಿಗೆ ಕೊಡಿ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಕೆ ನಮ್ಮತ್ತೆ ಹೇಗಾದಾಳು? "ಆದಾಗ್ಯೂ ನಿಮ್ಮ ನೆಲ ಅಗತ್ಯಕ್ಕಿಂತ ನುಣುಪಾಗಿದೆ" ಎಂದು ಸೇರಿಸಿದಳು.

ನೋಟರಿಯ ಮುಂದೆ ಅಫಿಡವಿಟ್ಟಿಗೆ ಸಹಿ ಮಾಡಲು ಬಲಗೈ ಏಳಲಿಲ್ಲ. "ಹೆಬ್ಬೆಟ್ಟು ಒತ್ರಿ ಅಮ್ಮಾರ, ನಡಿತೈತಿ" ಎಂದರು ನೋಟರಿ. ಹೆಡ್‌ ಬಾಯಿಗೆ ಹೆಬ್ಬೆಟ್ಟು! ಆಕೆ ಅವರನ್ನು ನೋಡಿದ ನೋಟಕ್ಕೆ ಅವರ ಸೀಲು ಮೇಜಿನ ಮೇಲಿಂದ ತಾನಾಗಿ ಕೆಳಗೆ ಬಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಎಡಗೈಯಲ್ಲಿ, ಒಂದೊಂದೇ ಅಕ್ಷರ ಕೂಡಿಸಿ, ಹತ್ತು ನಿಮಿಷ ತೆಗೆದುಕೊಂಡು ಸಹಿ ಮಾಡಿದಳು.

ಆ ಕಾಗದ ಹಿಡಿದುಕೊಂಡು ಕಾರವಾರದವನು ಮತ್ತೆ ಅರ್ಜಿ ಹಾಕಿದ. ಕಂಪನಿ ಮೊದಲು ಸುಮ್ಮನಿತ್ತು. ಅತ್ತೆ ವಾರಕ್ಕೊಂದು ಜ್ಞಾಪನ ಪತ್ರ ಬರೆಸಿದಳು. ಐದನೆಯದಕ್ಕೆ ಅವರು ಸೋತರು. ಇನ್ನೂ ಬರೆದರೆ ಕ್ಯಾಪ್ಟನ್ನನೇ ರಾಜೀನಾಮೆ ಕೊಡುತ್ತಾನೆಂದು ಹೆದರಿರಬೇಕು! ಅವನ ಚಿಕಿತ್ಸೆಯ ಖರ್ಚು, ಕೂತ ದಿನಗಳ ಸಂಬಳ ಎರಡೂ ಬಂದವು. ಕೈ ಸರಿಯಾದ ಮೇಲೆ ಕೆಲಸಕ್ಕೆ ಬಾ ಎಂದರು. ಅತ್ತೆಗೆ ಏನೂ ಬರಲಿಲ್ಲ. ಆಕೆ ಕೇಳಲೂ ಇಲ್ಲ.

ಮೊನ್ನೆ ಬೆಳಿಗ್ಗೆ ಅತ್ತೆಯ ಕೋಣೆಯಿಂದ ಎಣಿಕೆ ಕೇಳಿಸಿತು. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು ಒಂದು ಸ್ಪಂಜಿನ ಚೆಂಡು ಕೊಟ್ಟು ದಿನವೂ ಹಿಚುಕಬೇಕು ಎಂದಿದ್ದರು. ಅದನ್ನು ಆಕೆ ಒಂದು ದಿನವೂ ಮುಟ್ಟಿದ್ದನ್ನು ನಾವು ನೋಡಿರಲಿಲ್ಲ. ಬಾಗಿಲಲ್ಲಿ ಇಣುಕಿದೆ. ಫೋನನ್ನು ನೀರಿನ ತಂಬಿಗೆಗೆ ಒರಗಿಸಿ ಕೂತಿದ್ದಾಳೆ. ಪರದೆಯ ಮೇಲೆ ಕಾರವಾರದ ಒಂದು ಜಗುಲಿ, ಅಲ್ಲಿ ಅವನು. ಅವನ ಕೈಯಲ್ಲೂ ಅಂಥದೇ ಚೆಂಡು.

"ಏಳು... ಎಂಟು... ಯಾಕ ನಿಲ್ಲಿಸಿದ್ರಿ?"

"ನೋಯ್ತದೆ ಟೀಚರೇ."

ಬಯ್ಯುತ್ತಾಳೆಂದು ಕಾದೆ. ಅತ್ತೆ ತನ್ನ ಬಾತ ಮುಂಗೈಯನ್ನು ಮೆಲ್ಲಗೆ ಫೋನಿನ ಮುಂದೆ ಹಿಡಿದಳು.

"ನನಗೂ ಭಾಳ ನೋಯ್ತೈತ್ರಿ. ಸ್ವಲ್ಪ ಕೂಡೋಣು. ಆಮ್ಯಾಲ ಇಬ್ರೂ ಕೂಡೇ ಒಂಬತ್ತು ಅನ್ನೋಣು."

ನಾನು ಬಾಗಿಲನ್ನು ಸಪ್ಪಳವಾಗದಂತೆ ಮುಂದಕ್ಕೆ ಎಳೆದುಕೊಂಡೆ.