ಗಟ್ಟಿ, ಮೆತ್ತಗೆ ಗೊತ್ತಾಗದವರು

ನಾನು ಕಾಫಿ ಎಸ್ಟೇಟುಗಳ ಕೂಲಿ ಲೈನುಗಳಿಗೆ ಹೋಗಿ ಹೆಂಗಸರಿಗೆ ಕ್ಯಾನ್ಸರ್ ಬಗ್ಗೆ ತಿಳಿಸುವ ನರ್ಸ್. ಬುದ್ಧಿ ಹೇಳಲು ಹೋದ ನಾನೇ ಬೆಚ್ಚಿಬಿದ್ದು ವಾಪಸ್ ಬರುವುದು ಮಾಮೂಲಿ. ಬೆಳಗೋಡಿನ ಹತ್ತಿರದ ಒಂದೇ ಎಸ್ಟೇಟಿನಲ್ಲಿ ಮೂರು ಸಲ ಹಾಗಾಯಿತು.

ದಡ್ಡ ಕೋಶ

"ನಮ್ಮ ಮೈಯ ಜೀವಕೋಶ ತಾನು ಕೂತ ಜಾಗ ಗಟ್ಟಿಯೋ ಮೆತ್ತಗೋ ಅಂತ ಒತ್ತಿ ನೋಡುತ್ತೆ. ತೀರಾ ಮೆತ್ತಗಿದ್ದರೆ ಬೆಳೆಯೋದು ನಿಲ್ಲಿಸುತ್ತೆ. ಎಷ್ಟೋ ಕ್ಯಾನ್ಸರ್ ಕೋಶಗಳಿಗೆ ಆ ತಿಳಿವೇ ಹೋಗಿರುತ್ತೆ. ಎಲ್ಲಿ ಕೂತರೂ ಬೆಳೀತಾವೆ" ಎಂದೆ.

ಕಣದಲ್ಲಿ ಕಾಫಿ ಒಣಗಿಸುವ ಅಕ್ಕ ತಲೆ ಎತ್ತಿದಳು. ಅವಳು ಬೀಜ ಒತ್ತಿ, ಒಣಗಿ ಗಟ್ಟಿಯಾಗಿದೆಯೇ ನೋಡಿ "ಆಯ್ತು" ಎನ್ನುವ ತನಕ ಅಲ್ಲಿ ಮೂಟೆ ಕಟ್ಟುವಂತಿಲ್ಲ.

"ಅಂದ್ರೆ ಹಸಿ ಕಾಫೀನೇ ಮೂಟೆ ಕಟ್ಟೋರ ಥರ ಅನ್ನಿ!"

ನನ್ನ ಅರ್ಧ ಗಂಟೆಯ ಭಾಷಣ ಅವಳ ಒಂದೇ ಮಾತಿನಲ್ಲಿ ಮುಗಿದಿತ್ತು.

ಎಸ್ಟೇಟಿನ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಹೊಟ್ಟೆ ಹಿಡಿದು ನಕ್ಕ. "ಅಂಥ ದಡ್ಡನ್ನ ನಮ್ ಎಸ್ಟೇಟಲ್ಲಿ ಒಂದಿನಾನೂ ಇಟ್ಕಳಲ್ಲ ಕಣ್ರೀ!"

ಎರಡನೇ ಗಂಟು

ಮುಂದಿನ ಸಲ, ಒಳಗೆ ಗಂಟು ಅಡಗಿಸಿದ ರಬ್ಬರ್ ಸ್ತನ ತಂದು ಎಲ್ಲರ ಕೈಯಲ್ಲೂ ಒತ್ತಿಸಿದೆ. ಅಕ್ಕ ಕಣ್ಣು ಮುಚ್ಚಿ ಒತ್ತಿದಳು. "ಎರಡೈತೆ."

"ಒಂದೇ ಇರೋದು. ನಾಲ್ಕು ವರ್ಷದಿಂದ ಇದನ್ನೇ ತೋರಿಸ್ತಿದೀನಿ!"

"ಎರಡೈತೆ ಕಣಮ್ಮ."

ಅದರ ಡಬ್ಬಿಯ ತಳದಲ್ಲಿದ್ದ ಚೀಟಿಯನ್ನು ಮೊದಲ ಸಲ ಓದಿದೆ. ಎರಡು! ನಾಚಿಕೆಯಿಂದ, "ನನ್ನ ಕೆಲಸ ನೀನೇ ಮಾಡು" ಎಂದು ನಕ್ಕೆ.

ಅವಳು ನಗಲಿಲ್ಲ. "ಆ ಸಣ್ಣದು ನಂದರ ಥರಾನೇ ಐತೆ."

"ನಿಂದರ ಥರ?"

"ಹ್ಞೂಂ. ಕೊಯ್ಲು ಮುಗೀಲಿ ಅಂತ ಸುಮ್ಕಿದ್ದೆ."

ಮಾರನೆಯ ದಿನ ಮೊದಲ ಬಸ್ಸಿಗೇ ಅವಳನ್ನು ಹಾಸನದ ಆಸ್ಪತ್ರೆಗೆ ಹೊರಡಿಸಿದೆ. ಬಸ್ ಹತ್ತುವಾಗಲೂ ಅವಳದು ಒಂದೇ ಮಾತು: "ಕಾಫಿಗೆ ಇನ್ನೆರಡು ಬಿಸಿಲು ಬೇಕು ಅಂತ ರೈಟ್ರಿಗೆ ಹೇಳ್ಬುಡಿ."

ರೈಟರ್ ಪರೀಕ್ಷೆ

ಅದು ಕ್ಯಾನ್ಸರೇ ಆಗಿತ್ತು. ಸಣ್ಣದಿದ್ದಾಗಲೇ ಬಂದಿದ್ದರಿಂದ ಆಪರೇಷನ್ನಿನಲ್ಲಿ ಪೂರ್ತಿ ತೆಗೆದರು. ಗುಣವಾಗುತ್ತೆ ಎಂದರು ಡಾಕ್ಟರು. ನನಗೆ ಅಳುವೇ ಬಂತು.

ತಿಂಗಳ ಮೇಲೆ ಅವಳನ್ನು ಲೈನಿಗೆ ಕರೆತಂದೆ. ಮನೆಗೂ ಹೋಗದೆ ನೇರ ಕಾಫಿ ಸ್ಟೋರಿಗೆ ನಡೆದಳು. ಬಾಗಿಲು ತೆಗೆದರೆ ಮುಗ್ಗಲು ವಾಸನೆ! ಮೂಟೆಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಅವಳಿಗೆಲ್ಲಿ ತಲೆ ಸುತ್ತುತ್ತೋ ಎಂದು ನಾನು ತೋಳು ಹಿಡಿದುಕೊಂಡೆ.

ರೈಟರ್ ತಲೆ ಕೆರೆದುಕೊಂಡ. "ಇನ್ನೆರಡು ಬಿಸಿಲು ಯಾಕೆ ಅಂತ ನಾನೂ ಒತ್ತಿ ನೋಡ್ದೆ ಕಣಕ್ಕ. ಎಲ್ಲಾ ಒಂದೇ ಥರ ಇತ್ತು, ಮೂಟೆ ಕಟ್ಟಿಸ್ಬುಟ್ಟೆ!"

ಅಕ್ಕ ಒಂದು ಬೀಜ ಒತ್ತಿದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನತ್ತ ತಿರುಗಿದಳು.

"ಗಟ್ಟಿ, ಮೆತ್ತಗೆ ಗೊತ್ತಾಗ್ದೆ ಇರೋದನ್ನ ನನ್ನೊಳಗಿಂದ ಡಾಕ್ಟ್ರು ತೆಗೆದುಬುಟ್ರು. ಇವನ್ನ ಎಸ್ಟೇಟಿಂದ ತೆಗೆಯಕ್ಕೆ ಯಾವ ಡಾಕ್ಟ್ರತ್ರ ಹೋಗ್ಬೇಕಮ್ಮ?"